ನಾನು ಹೇಳಿದ ಹೊತ್ತು

ಯೋಚನೆ ಮಾಡಬೇಡ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯೋಚನೆಯನ್ನು ನಾನೇನು ಬಾವಿಯಿಂದ ಸೇದಿ ತಂದೆನೇ? ಅದು ತಾನಾಗಿ ಬರುತ್ತಿತ್ತು, ಬಂದು ಕೂತರೆ ಏಳುತ್ತಿರಲಿಲ್ಲ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಎಂಟು ತಿಂಗಳ ಕಾಲ ನಾನು ಒಂದೇ ದಿನವನ್ನು ಬದುಕಿದೆ. ಹೊರಗೆ ಯುಗಾದಿ ಬಂತು, ಮುಂಗಾರು ಬಂತು, ನನ್ನ ಹೊಟ್ಟೆಯಲ್ಲಿದ್ದ ಕೂಸು ಹುಟ್ಟಿಯೂ ಆಯಿತು. ಒಳಗೆ ಮಾತ್ರ ನಮ್ಮ ಮಾವ ತೀರಿಹೋದ ಆ ಒಂದು ಬೆಳಗು, ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ನನ್ನ ತವರು ಸೊರಬದ ಕಡೆ. ಕೊಟ್ಟ ಊರು ಶಿಕಾರಿಪುರದ ಸೀಮೆಗೆ ಸೇರಿದ್ದು, ಸೊರಬಕ್ಕೆ ಹೋಗುವ ರಸ್ತೆಯ ಮೇಲೇ ಇತ್ತು. ಉಡುತಡಿಗೆ ನಡೆದು ಹೋಗಿ ಬರಬಹುದಾದಷ್ಟು ಹತ್ತಿರ. ತವರಿಂದ ಅಷ್ಟು ದೂರಕ್ಕೇ ಮಾತು ಬೇರೆ. ನಾನು ಬಾಯಿ ತೆರೆದರೆ ಸಾಕು, ಅತ್ತೆ "ಏನ್ ರಾಗ ಎಳೀತೀಯೇ ನಮ್ಮವ್ವ, ಹೇಳೋದನ್ನ ಗಟ್ಟಿಯಾಗಿ ಹೇಳು" ಎಂದು ಆಡಿಕೊಳ್ಳುತ್ತಿದ್ದರು. ಆಗ ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮನೆಯಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ನಾನು, ಮೂರು ವರ್ಷದ ನನ್ನ ಮಗಳು. ಹೊಟ್ಟೆಯಲ್ಲಿ ಇನ್ನೊಂದು, ಆಗಷ್ಟೇ ಗೊತ್ತಾಗಿತ್ತು.

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಊರಿನಲ್ಲಿ ಇದ್ದದ್ದು ಒಂದೋ ಎರಡೋ, ಅವೂ ಸರಿಯಾಗಿ ನಡೆಯುತ್ತಿರಲಿಲ್ಲ. ನಮಗೆಲ್ಲ ಹೊತ್ತು ಎಂದರೆ ಸೊರಬದ ಬಸ್ಸು. ಹತ್ತೂವರೆಯ ಸುಮಾರಿಗೆ ಶಿಕಾರಿಪುರದ ಕಡೆಯಿಂದ ಬಂದು ಕೆರೆ ಏರಿಯ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಬಸ್ಸು ಬರುವ ಮುಂಚೆ ದನ ಬಿಡಬೇಕು, ಬಸ್ಸು ಹೋದ ಮೇಲೆ ಗದ್ದೆಗೆ ಬುತ್ತಿ ಒಯ್ಯಬೇಕು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಬಸ್ಸಿಗೆ ಮುಂಚೆಯೋ ಆಮೇಲೋ ಎಂದೇ ಕೇಳುತ್ತಿದ್ದರು.

ಮಾವನಿಗೆ ಗಣೇಶನ ಹಬ್ಬದ ಮರುದಿನ ಲಕ್ವ ಹೊಡೆದು ಎಡಗಡೆಯ ಕೈಕಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಮೂರು ತಿಂಗಳು ಅವರ ಮಲಮೂತ್ರ, ಸ್ನಾನ, ಊಟ ಎಲ್ಲವನ್ನೂ ಅತ್ತೆಯೇ ಮಾಡಿದರು. ನನ್ನನ್ನು ಆ ಕೋಣೆಗೆ ಹೆಚ್ಚು ಬಿಟ್ಟುಕೊಳ್ಳಲಿಲ್ಲ. ಆಮೇಲಾಮೇಲೆ ಬಸುರಿ ಎಂಬ ಕಾರಣಕ್ಕೂ ಇರಬಹುದು, ತಮ್ಮ ಗಂಡ ಹಾಗೆ ಬಿದ್ದಿರುವುದನ್ನು ನಾನು ನೋಡಬಾರದು ಎಂಬುದಕ್ಕೂ ಇರಬಹುದು. ನಾನೂ ಮೇಲೆ ಬಿದ್ದು ಹೋಗಲಿಲ್ಲ. ಆ ವಾಸನೆ ನನಗೆ ಆಗುತ್ತಿರಲಿಲ್ಲ. ಸುಳ್ಳು ಹೇಳಿ ಏನಾಗಬೇಕಾಗಿದೆ ಈಗ?

ಅದು ಭತ್ತದ ಕೊಯ್ಲಿನ ಸಮಯ. ಕೊಯ್ಲಿಗೆ ಕೂಲಿ ಆಳು ಕರೆಯುವವರು ನಮ್ಮಲ್ಲಿ ಕಡಿಮೆ, ಮುಯ್ಯಾಳೇ ಹೆಚ್ಚು. ಇವತ್ತು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ನಮ್ಮ ದಿನ ತಪ್ಪಿಹೋದರೆ ಮತ್ತೆ ಸರದಿ ಬರುವುದಕ್ಕೆ ಹದಿನೈದು ದಿನ. ಅಷ್ಟರಲ್ಲಿ ತೆನೆ ಕಳಿತು ಅರ್ಧಕ್ಕರ್ಧ ಕಾಳು ಗದ್ದೆಯಲ್ಲೇ ಉದುರಿರುತ್ತದೆ. ಆವತ್ತು ನಮ್ಮ ದಿನ. ನಾನು ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿಯಲು ಕೂತಿದ್ದೆ. ಬೆಳಕು ಹರಿಯುವ ಹೊತ್ತಿಗೆ ಅತ್ತೆ ಮಾವನ ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಕುಡುಗೋಲು ತೆಗೆದುಕೊಂಡು ಅಂಗಳಕ್ಕೆ ಇಳಿದವರು ತಿರುಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಮಲಗ್ಯಾರೆ. ಎಬ್ಬಿಸಬ್ಯಾಡ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಗಂಜಿ ಆಮೇಲೆ ಕುಡಿಸೀಯಂತೆ," ಎಂದರು.

ನಾನು ಹೂಂ ಎಂದೆ. ನನ್ನ ತಲೆಯಲ್ಲಿ ಬೇರೆಯೇ ಇತ್ತು. ಮನೆಯಲ್ಲಿ ಕುಟ್ಟಿದ್ದ ಅವಲಕ್ಕಿಯನ್ನು ಒಂದಿಷ್ಟು ಗಂಟು ಕಟ್ಟಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ತವರಿಗೆ ಕಳಿಸಬೇಕು ಎಂದುಕೊಂಡಿದ್ದೆ. ಅತ್ತೆಯನ್ನು ಕೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ, ಇನ್ನೂ ನಾಲ್ಕು ಸೇರು ಹಾಕು ಎನ್ನುವ ಹೆಂಗಸು ಅವರು. ಕೇಳುವುದಕ್ಕೆ ನನಗೆ ಸೊಕ್ಕು. ನನ್ನ ಅವ್ವನಿಗೆ ಒಂದು ಹಿಡಿ ಅವಲಕ್ಕಿ ಕಳಿಸುವುದಕ್ಕೂ ಯಾರನ್ನೋ ಕೇಳಬೇಕೇ ಎಂಬ ಸೊಕ್ಕು.

ಬುತ್ತಿ ಕಟ್ಟಿಟ್ಟು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗಂಟು ಹಿಡಿದು ರಸ್ತೆಗೆ ಹೋದೆ. ಮಾವನ ಕೋಣೆಯ ಮುಂದೆಯೇ ದಾಟಿ ಹೋದೆ, ಬಾಗಿಲು ತಳ್ಳಿ ನೋಡಲಿಲ್ಲ. ಬಸ್ಸು ಆವತ್ತು ತಡವಾಗಿ ಬಂತು. ಎಷ್ಟು ತಡ ಎಂಬುದು ಆಗ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಪಕ್ಕದ ಮನೆಯ ಸೊಸೆಯೂ ಬಂದು ನಿಂತಿದ್ದಳು. ಇಬ್ಬರೂ ನಮ್ಮ ನಮ್ಮ ಅತ್ತೆಯರನ್ನು ಆಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಬಸ್ಸು ಬಂತು, ಗಂಟು ಕೊಟ್ಟೆ, ಕಂಡಕ್ಟರು ನನ್ನ ಮಗಳಿಗೆ ಒಂದು ಪೆಪ್ಪರ್‌ಮಿಂಟು ಕೊಟ್ಟರು.

ಮನೆಗೆ ಬಂದು ಗಂಜಿ ಬಿಸಿ ಮಾಡಿ ಕೋಣೆಗೆ ಹೋದೆ. ಕರೆದೆ. ಭುಜ ಮುಟ್ಟಿದೆ. ಬಲಗೈ ಮುಷ್ಟಿ ಕಟ್ಟಿತ್ತು, ಬಿಡಿಸಲು ನೋಡಿದರೆ ಬೆರಳು ಬಗ್ಗಲಿಲ್ಲ. ಮೈ ನೆಲದಷ್ಟು ತಣ್ಣಗಿತ್ತು. ಇವರು ಹೋಗಿ ಬಹಳ ಹೊತ್ತಾಗಿದೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ನಾನು ರಸ್ತೆಯಲ್ಲಿ ನಗುತ್ತಿದ್ದಾಗ ಹೋಗಿದ್ದಾರೆ, ಬಾಯಿಗೆ ಒಂದು ತೊಟ್ಟು ನೀರಿಲ್ಲದೆ ಹೋಗಿದ್ದಾರೆ ಎಂದುಕೊಂಡೆ.

ಕೂಗಿದೆ. ಅಕ್ಕಪಕ್ಕದವರು ಓಡಿ ಬಂದರು, ಗದ್ದೆಗೆ ಆಳು ಹೋಯಿತು. ಬಂದ ಹೆಂಗಸರು ಮೊದಲು ಕೇಳಿದ್ದೇ "ಬಾಯಿಗೆ ನೀರು ಬಿಟ್ಟೆಯೇನೇ?" ಎಂದು. ನಮ್ಮಲ್ಲಿ ಅದೊಂದು ಆಗದಿದ್ದರೆ ಹೋದವರ ಜೀವಕ್ಕೆ ಶಾಂತಿ ಇಲ್ಲ, ಇದ್ದವರಿಗೆ ಮುಖವಿಲ್ಲ. "ಬಿಟ್ಟೆ" ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ನೀರು ಬಿಟ್ಟೆ ಎಂದ ಮೇಲೆ ನಾನು ಪಕ್ಕದಲ್ಲಿದ್ದೆ ಎಂದಾಗಬೇಕು. ಬಸ್ಸು ಬರುವವರೆಗೆ ನಾನು ರಸ್ತೆಯಲ್ಲಿದ್ದದ್ದನ್ನು ಪಕ್ಕದ ಮನೆಯವಳು ನೋಡಿದ್ದಾಳೆ. ಹಾಗಾಗಿ "ಬಸ್ಸು ಹೋದ ಮೇಲೆ ಜೀವ ಬಿಟ್ಟರು" ಎಂದೆ.

ಅತ್ತೆ, ಯಜಮಾನರು ಬಂದರು. ಮಧ್ಯಾಹ್ನದ ಹೊತ್ತಿಗೆ ಜೋಯಿಸರೂ ಬಂದು ಜಗಲಿಯ ಮೇಲೆ ಪಂಚಾಂಗ ಬಿಡಿಸಿ ಕೂತರು. ಹೊತ್ತು ಎಷ್ಟಿತ್ತಮ್ಮ ಎಂದು ಕೇಳಿದರು. ಬಸ್ಸು ಹೋದ ಮೇಲೆ ಎಂದೆ. "ಹೋದ ಮೇಲೋ, ಬರುವ ಮುಂಚೆಯೋ? ನೆನಪು ಮಾಡಿಕೊಂಡು ಹೇಳು," ಎಂದರು. ಹೋದ ಮೇಲೆ ಎಂದೆ. ಮೂರನೇ ಸಲವೂ ಕೇಳಿದರು. ಅತ್ತೆ ಕಂಬಕ್ಕೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು. ಮೂರನೇ ಸಲವೂ ಅದನ್ನೇ ಹೇಳಿದೆ.

ಒಳಗೆ ಹೆಣಕ್ಕೆ ನೀರು ಹಾಕಿ ಬಂದ ಮುದುಕರೊಬ್ಬರು "ಈಗಿನ್ನೂ ಹೋದ ಮೈ ಹಿಂಗ್ಯಾಕೆ ಸೆಟೆದೈತೆ?" ಎಂದರು. ಅತ್ತೆ ಅಲ್ಲಿಂದಲೇ ಅಂದರು: "ಮೂರು ತಿಂಗಳು ಹಾಸಿಗೆ ಹಿಡಿದ ಮೈ ರೀ ಅದು. ಅದ್ರಾಗೆ ರಕ್ತ ಎಲ್ಲಿತ್ತು?" ಅತ್ತೆ ನನ್ನ ಮಾನ ಉಳಿಸಿದರು ಎಂದುಕೊಂಡೆ. ಅವರಿಗೆ ನನ್ನ ಸುಳ್ಳು ಗೊತ್ತಾಗಿದೆ, ನಾಲ್ಕು ಜನರೆದುರು ಮುಚ್ಚಿಕೊಂಡಿದ್ದಾರೆ ಎಂದುಕೊಂಡೆ.

ಜೋಯಿಸರು ಪಂಚಾಂಗ ಮುಚ್ಚಿದರು. ಬಸ್ಸಿಗೆ ಮುಂಚೆ ಹೋಗಿದ್ದರೆ ಶ್ರವಣ ನಕ್ಷತ್ರ, ದೋಷವೇನೂ ಇರಲಿಲ್ಲ. ಬಸ್ಸು ಹೋಗುವ ಹೊತ್ತಿಗೆ ಧನಿಷ್ಠೆ ಹತ್ತಿತ್ತು. ಧನಿಷ್ಠೆಯಲ್ಲಿ ಸತ್ತರೆ ಸಾವು ಒಂದಕ್ಕೆ ನಿಲ್ಲುವುದಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಸೀಮೆಯಲ್ಲಿ ಆಗ ಅದನ್ನು ಮೀರುವವರು ಯಾರೂ ಇರಲಿಲ್ಲ. ಹನ್ನೊಂದನೆಯ ದಿನ ಮುಗಿಸಿ, ಮನೆಯ ಬಾಗಿಲಿಗೆ ಮುಳ್ಳಿನ ಕೊಂಬೆ ಬಡಿದು, ಪಾತ್ರೆಪಗಡಿ ಹೊತ್ತುಕೊಂಡು ಊರ ಹೊರಗಿನ ನಮ್ಮ ಕಣಕ್ಕೆ ಹೋದೆವು. ಭತ್ತ ಬಡಿಯುವಾಗ ಕಾವಲಿಗೆಂದು ಹಾಕಿದ್ದ ಗುಡಿಸಲು ಅಲ್ಲಿತ್ತು. ಅದಕ್ಕೇ ತಟ್ಟಿ ಕಟ್ಟಿ, ನೆಲ ಸಾರಿಸಿ, ಮೂರು ಕಲ್ಲಿನ ಒಲೆ ಹೂಡಿದೆ. ಪಕ್ಕದಲ್ಲೇ ಆ ವರ್ಷದ ಹುಲ್ಲಿನ ಬಣವೆ.

ಮಗಳಿಗೆ ಆ ಜಾಗ ಬಹಳ ಹಿಡಿಸಿತು. ಮನೆಯಲ್ಲಿ ಅದು ಮುಟ್ಟಬೇಡ, ಇದು ಮುಟ್ಟಬೇಡ. ಇಲ್ಲಿ ಇಡೀ ಕಣವೇ ಅವಳದು. ಶಿವರಾತ್ರಿಯ ಆಸುಪಾಸಿನಲ್ಲಿ ಬೆಕ್ಕೊಂದು ಬಣವೆಯ ಬುಡದಲ್ಲಿ ಮರಿ ಹಾಕಿತು. ಅವಳಿಗೆ ಊಟ ಬೇಡ, ನಿದ್ದೆ ಬೇಡ. ಹುಲ್ಲಿನೊಳಗೆ ಕೈ ಹಾಕಿ ಮರಿ ಎಳೆಯುವುದು, ತಾಯಿಬೆಕ್ಕು ಗುರ್ರೆಂದರೆ ಓಡಿಬರುವುದು. ದಿನಾ ಬೈಯುತ್ತಿದ್ದೆ.

ಇನ್ನು ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಗುಡಿಸಲಲ್ಲಿ ನಾನೊಬ್ಬಳೇ. ಮಗಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂದು "ಅವ್ವ, ಬೆಕ್ಕು ಕಚ್ತು" ಎಂದಳು. ಹೆಬ್ಬೆರಳಿನ ಬುಡದಲ್ಲಿ ಎರಡು ಚುಕ್ಕೆ. ನನಗೆ ಸಿಟ್ಟು ಬಂತು. "ಎಷ್ಟು ಸಲ ಹೇಳ್ಲೇ ನಿಂಗೆ" ಎಂದು ಬೆನ್ನಿಗೆ ಒಂದು ಬಾರಿಸಿ, ಚುಕ್ಕೆಯ ಮೇಲೆ ಸುಣ್ಣ ಹಚ್ಚಿ, ಮೂಲೆಯಲ್ಲಿ ಸುಮ್ಮನೆ ಕೂರು ಎಂದೆ. ಕೂತಳು. ಸ್ವಲ್ಪ ಹೊತ್ತಿಗೆ "ನಿದ್ದೆ ಬರ್ತದೆ ಅವ್ವ" ಎಂದಳು. ಮಲಗು ಎಂದೆ. ಉಳಿದಿದ್ದ ಹಿಟ್ಟು ಮುಗಿಯುವವರೆಗೆ ರೊಟ್ಟಿ ಬಡಿದೆ. ಆಮೇಲೆ ತಿರುಗಿ ನೋಡಿದಾಗ ಬಾಯಲ್ಲಿ ನೊರೆ ಬಂದಿತ್ತು. ಹಾವನ್ನು ಯಜಮಾನರು ಸಂಜೆ ಬಣವೆ ಕೆಡವಿ ಹುಡುಕಿದರು, ಸಿಗಲಿಲ್ಲ. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಹಿಂದಿನ ದಿನವೇ ಬೇರೆ ಕಡೆ ಹೋಗಿತ್ತಂತೆ.

ಬೆಕ್ಕು ಕಚ್ಚಿತು ಎಂದು ಅವಳು ಹೇಳಿದ್ದನ್ನು ಎಲ್ಲರಿಗೂ ಹೇಳಿದೆ. ಹೊಡೆದದ್ದನ್ನು ಹೇಳಲಿಲ್ಲ.

ಜನ ನನ್ನನ್ನು ನೋಡಿ ಗಟ್ಟಿಗಿತ್ತಿ ಎಂದರು. ನಾನು ಅಳಲಿಲ್ಲ, ಮೂರನೆಯ ದಿನಕ್ಕೆ ಒಲೆ ಹಚ್ಚಿದೆ. ಒಲೆಯ ಮುಂದೆ ಕೂತಿದ್ದಾಗಲೇ ಆ ಯೋಚನೆ ಬಂದು ಹಿಡಿದುಕೊಂಡಿತು. ನಾನು ಮಾವನ ಕೋಣೆಯ ಬಾಗಿಲು ತಳ್ಳಿ ನೋಡಿದ್ದರೆ? ಬಸ್ಸು ಬರುವ ಮುಂಚೆಯೇ ಗೊತ್ತಾಗುತ್ತಿತ್ತು. ಗೊತ್ತಾಗಿದ್ದರೆ ಶ್ರವಣ. ಶ್ರವಣವಾಗಿದ್ದರೆ ಮನೆ ಬಿಡುತ್ತಿರಲಿಲ್ಲ. ಮನೆಯಲ್ಲೇ ಇದ್ದಿದ್ದರೆ ಬಣವೆ ಇಲ್ಲ, ಹಾವಿಲ್ಲ. ಅಷ್ಟೇ. ನಾಲ್ಕೇ ಮೆಟ್ಟಿಲು. ಇಳಿದು ಮುಗಿಸಿದರೆ ಮತ್ತೆ ಮೇಲಿನ ಮೆಟ್ಟಿಲಿನಲ್ಲಿ ನಿಂತಿರುತ್ತಿದ್ದೆ.

ಬರಬರುತ್ತಾ ಅದು ಉದ್ದವಾಯಿತು. ಅವಲಕ್ಕಿ ಕುಟ್ಟದೇ ಇದ್ದಿದ್ದರೆ? ಗಂಟಿಗೆ ಬಟ್ಟೆ ಸಿಗದೇ ಹುಡುಕಿದ್ದೆನಲ್ಲ, ಇನ್ನಷ್ಟು ಹೊತ್ತು ಸಿಗದೇ ಇದ್ದಿದ್ದರೆ? ಜೋಯಿಸರು ಎರಡನೆಯ ಸಲ ಕೇಳಿದಾಗ "ಸರಿಯಾಗಿ ನೆನಪಿಲ್ಲ ರೀ" ಎಂದಿದ್ದರೆ? ಪ್ರತಿಯೊಂದನ್ನೂ ತಡೆದು ನಿಲ್ಲಿಸಿ, ತಿರುವಿ, ಬೇರೆ ಥರ ಮಾಡಿ ನೋಡುತ್ತಿದ್ದೆ. ನೀರು ಸೇದುವಾಗ, ಸಗಣಿ ಬಾಚುವಾಗ, ಎದುರಿಗಿರುವವರು ಮಾತಾಡುತ್ತಿರುವಾಗ. ಯಾರಾದರೂ ನಡುವೆ ಕರೆದರೆ ವಿಪರೀತ ಸಿಟ್ಟು ಬರುತ್ತಿತ್ತು, ಏಕೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸರಿಯಾಗಿ, ಒಂದೂ ಬಿಡದಂತೆ, ಕೊನೆಯ ತನಕ ಯೋಚಿಸಿ ಮುಗಿಸಿದರೆ ಏನೋ ಒಂದು ಇತ್ಯರ್ಥವಾಗುತ್ತದೆ ಎಂದು ನಂಬಿದ್ದೆ. ಹುಚ್ಚಿ. ಆ ಯೋಚನೆ ಒಂದು ದಿನವೂ ನನ್ನ ಮಗಳ ತನಕ ಬರಲಿಲ್ಲ. ಜೋಯಿಸರ ಪಂಚಾಂಗದವರೆಗೆ ಬರುತ್ತಿತ್ತು, ಹೆಚ್ಚೆಂದರೆ ಬಣವೆಯವರೆಗೆ. ಅವಳು ಕೈ ಹಿಡಿದುಕೊಂಡು ಒಳಗೆ ಬರುವ ಹೊತ್ತಿಗೆ ಸರಿಯಾಗಿ ನಾನು ಮತ್ತೆ ಮಾವನ ಕೋಣೆಯ ಮುಂದೆ ಇರುತ್ತಿದ್ದೆ. ಅವಳ ಬೆನ್ನಿನ ಮೇಲೆ ನನ್ನ ಕೈ ಬಿದ್ದದ್ದನ್ನು ನೋಡುವುದಕ್ಕಿಂತ ಇಡೀ ದಿನ ಆ ಬಾಗಿಲ ಮುಂದೆ ನಿಲ್ಲುವುದು ಸುಲಭವಾಗಿತ್ತು. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆ ದಿನಗಳಲ್ಲಿ ಅತ್ತೆ ನನ್ನ ಮೇಲೆ ತೋರಿಸಿದ ಅಕ್ಕರೆಯನ್ನು ನಾನು ಸಹಿಸಲಾರದೇ ಹೋದೆ. ರಾಗ ಎಳೆಯಬೇಡ ಎನ್ನುತ್ತಿದ್ದ ಬಾಯಿ ಮುಚ್ಚಿಹೋಗಿತ್ತು. ನನ್ನ ತಲೆ ಬಾಚುತ್ತಿದ್ದರು. ತಟ್ಟೆ ಮುಂದಿಟ್ಟು, ನಾನು ಉಣ್ಣದಿದ್ದರೆ ತುತ್ತು ಮಾಡಿ ಕೊಡುತ್ತಿದ್ದರು. ನನ್ನ ಸುಳ್ಳು ಗೊತ್ತಿದ್ದೂ, ಆ ಸುಳ್ಳಿನಿಂದ ಮೊಮ್ಮಗಳು ಹೋದದ್ದು ಗೊತ್ತಿದ್ದೂ ಈ ಹೆಂಗಸು ನನಗೆ ತುತ್ತು ಕೊಡುತ್ತಿದ್ದಾರಲ್ಲ ಎಂದು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ. ನಾಲ್ಕು ಬೈದಿದ್ದರೆ ಉಪಕಾರವಾಗುತ್ತಿತ್ತು.

ಆರು ತಿಂಗಳು ಮುಗಿದು ಮುಳ್ಳು ತೆಗೆಸಿ ಮನೆಗೆ ಬಂದೆವು. ನಾಗರಪಂಚಮಿಗೆ ಮುಂಚೆ ಮಗ ಹುಟ್ಟಿದ. ಸೂಲಗಿತ್ತಿ ಕೂಸನ್ನು ನನ್ನ ಪಕ್ಕದಲ್ಲಿ ಮಲಗಿಸಿದಾಗ ನನಗೆ ಏನೂ ಅನ್ನಿಸಲಿಲ್ಲ. ಬೇರೆಯವರ ಮನೆಯ ಮಗು ಅತ್ತ ಹಾಗಷ್ಟೇ ಅನ್ನಿಸಿತು. ಮೊಲೆ ಕೊಡು ಎಂದರೆ ಕೊಡುತ್ತಿದ್ದೆ, ಯೋಚನೆ ಶುರುವಾದರೆ ಕೂಸು ಕುಡಿಯುತ್ತಿದೆಯೋ ಜಾರಿದೆಯೋ ತಿಳಿಯುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹಾಲು ಹಿಂದಕ್ಕೆ ಹೋಯಿತು. ಅತ್ತೆ ದನದ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಕೂಸಿಗೆ ಅದು ಒಗ್ಗಲಿಲ್ಲ, ಕುಡಿದದ್ದನ್ನೆಲ್ಲ ಕಾರಿಕೊಳ್ಳುತ್ತಿತ್ತು. ಯಜಮಾನರು ತಾಯತ ಕಟ್ಟಿಸಿಕೊಂಡು ಬಂದರು, ನನಗೊಂದು, ಕೂಸಿಗೊಂದು. ಪಾಪದ ಮನುಷ್ಯ. ಅವರಿಗೂ ಮಗಳು ಹೋಗಿದ್ದಳು ಎಂಬುದು ಆಗ ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಮೂರು ತಿಂಗಳಾಗುವ ಹೊತ್ತಿಗೆ ಕೂಸಿನ ತೊಡೆಯ ಚರ್ಮ ಜೋತುಬಿದ್ದು ಮುದುಕರ ಮುಖ ಬಂದಿತ್ತು. ಅತ್ತೆ ನನ್ನನ್ನೂ ಕೂಸನ್ನೂ ಕರೆದುಕೊಂಡು ಶಿಕಾರಿಪುರದ ಆಸ್ಪತ್ರೆಗೆ ಹೋದರು. ಡಾಕ್ಟರು ಹೊಟ್ಟೆ ಒತ್ತಿ, ಕಣ್ಣು ಎಳೆದು ನೋಡಿ, "ರೋಗ ಏನೂ ಇಲ್ಲಮ್ಮ. ಹಸಿವು. ತಾಯಿ ಹಾಲು ಬೇಕು ಇದಕ್ಕೆ," ಎಂದರು. ನನ್ನ ಕಡೆ ಒಂದು ಸಲ ನೋಡಿದರು.

ಬಸ್ ಸ್ಟ್ಯಾಂಡಿಗೆ ಬಂದು ಕೂತೆವು. ಸೊರಬದ ಬಸ್ಸೇ ನಮ್ಮೂರಿನ ಮೇಲೆ ಹೋಗಬೇಕು. ಅತ್ತೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ನನ್ನ ಮುಖ ನೋಡದೆ ಹೇಳಿದರು.

"ನೋಡವ್ವ, ನಾನು ಕೂಸನ್ನ ಸೊರಬಕ್ಕೆ ಒಯ್ತೀನಿ. ಅಲ್ಲಿ ನನ್ನ ಮಗಳಿಗೆ ನಾಕು ತಿಂಗಳ ಕೂಸೈತೆ, ಹಾಲು ಬೇಕಾದಂಗೈತೆ. ಇದೂ ಒಂದು ಕುಡಕಂಡು ಬೆಳೀಲಿ. ನೀನು ಊರಾಗೆ ಇಳಕ."

ಯಾವಾಗ ವಾಪಸ್ಸು ತರುತ್ತೀರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಒಯ್ಯಿರಿ ಎಂದೆ. ಹೇಳಿದ ಮೇಲೆ ನನ್ನ ದನಿ ನನ್ನ ಕಿವಿಗೇ ಬಿತ್ತು. ಹಳೆಯ ಬಟ್ಟೆ ಯಾರಿಗೋ ಕೊಟ್ಟು ಕಳಿಸುವ ದನಿ. ಆಗ ಹೆದರಿದೆ ನೋಡಿ. ಮಗಳು ಸತ್ತ ದಿನವೂ ಅಷ್ಟು ಹೆದರಿರಲಿಲ್ಲ. ಈ ಕೂಸು ಬಸ್ಸಿನಲ್ಲಿ ಮುಂದೆ ಹೋಗುತ್ತದೆ, ನಾನು ಇಳಿದು ಮನೆಗೆ ಹೋಗಿ ಆ ಬಾಗಿಲ ಮುಂದೆ ನಿಲ್ಲುತ್ತೇನೆ, ಇನ್ನು ಯಾವತ್ತೂ ಯಾರೂ ನನ್ನನ್ನು ಅಲ್ಲಿಂದ ಕರೆಯುವುದಿಲ್ಲ.

"ಅತ್ತೆ," ಎಂದೆ, "ಮಾವ ಹೋಗಿದ್ದು ಬಸ್ಸು ಹೋದ ಮೇಲೆ ಅಲ್ಲ."

ಅವರು ಕೂಸಿನ ಬಾಯಿ ಒರೆಸುತ್ತಿದ್ದರು. "ಗೊತ್ತು," ಎಂದರು.

"ನಾನು ನೀರು ಬಿಟ್ಟಿಲ್ಲ. ಮನೇಲೇ ಇರ್ಲಿಲ್ಲ ನಾನು. ಅವ್ವಂಗೆ ಅವಲಕ್ಕಿ ಕಳ್ಸೂಕೆ ರಸ್ತೆಗೆ ಹೋಗಿದ್ದೆ."

"ಎಲ್ಲಿದ್ರೂ ಅಷ್ಟೇ ಇತ್ತು ಕಣವ್ವ. ಬೆಳಗಿನ ಜಾವ ನಾನು ಎದ್ದು ಮೈ ಮುಟ್ಟಿದಾಗ್ಲೇ ತಣ್ಣಗಾಗಿದ್ರು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅತ್ತೆ ಸಣ್ಣ ದನಿಯಲ್ಲಿ, ಅಕ್ಕಪಕ್ಕದವರಿಗೆ ಕೇಳದ ಹಾಗೆ, ಎಲ್ಲವನ್ನೂ ಹೇಳಿದರು. ಮುಯ್ಯಾಳು ಆಗಲೇ ಗದ್ದೆಗೆ ಇಳಿದಿದ್ದರು. ಸಾವು ಎಂದರೆ ಎಲ್ಲರೂ ಕುಡುಗೋಲು ಇಟ್ಟು ಬರಬೇಕು, ಮತ್ತೆ ಹದಿನೈದು ದಿನ ಭತ್ತಕ್ಕೆ ಕೈ ಹಚ್ಚುವ ಹಾಗಿಲ್ಲ. ಹೊಟ್ಟೆಗೆ ಇದ್ದದ್ದು ಆ ಒಂದು ಗದ್ದೆ. ಮಧ್ಯಾಹ್ನದ ತನಕ ಮುಚ್ಚಿಟ್ಟರೆ ಅರ್ಧವಾದರೂ ಕೊಯ್ದಾಗುತ್ತದೆ, ಆಮೇಲೆ ಬಂದು ನೋಡಿದ ಹಾಗೆ ಮಾಡಿ ಅತ್ತರಾಯಿತು ಎಂದುಕೊಂಡರಂತೆ. "ಅವ್ರೂ ಬದುಕಿದ್ರೆ ಹಂಗೇ ಮಾಡು ಅಂತಿದ್ರು," ಎಂದರು. "ತೆನೆ ಕೊಯ್ತಾನೇ ಇದ್ದೆ. ಒಂದು ಹನಿ ಕಣ್ಣೀರು ಹಾಕ್ಲಿಲ್ಲ."

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. "ಜೋಯಿಸ್ರು ಮೂರು ಸಲ ಕೇಳಿದ್ರು. ನೀವು ಕಂಬಕ್ಕೆ ಒರಗಿ ಕೂತಿದ್ರಿ," ಎಂದೆ.

"ಕೂತಿದ್ದೆ."

"ಬಾಯಿ ಬಿಡಬೇಕಿತ್ತು ನೀವು."

"ಬಿಡಬೇಕಿತ್ತು. ಹೆಣ ಬಿಟ್ಟು ಗದ್ದೆಗೆ ಹೋದೋಳು ಅಂತಾರಲ್ಲ ಅಂತ ಹೆದರ್ಕಂಡು ಕೂತೆ. ಆರು ತಿಂಗಳೇನು, ಕಣದಾಗೆ ಇದ್ದು ಬಂದ್ರಾತು ಅಂದ್ಕಂಡೆ." ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ನಿನ್ನ ತಪ್ಪು ಅದ್ರಾಗೆ ಒಂದೀಟೂ ಇಲ್ಲ. ನೀನು ಏನು ನೆನಸ್ಕಂಡು ಕೂರ್ತೀಯ ಅಂತ ನಂಗೆ ಗೊತ್ತೈತೆ, ನಾನೂ ಅದನ್ನೇ ನೆನಸ್ತೀನಿ. ನೀನು ಬಿಟ್ಟುಬಿಡು. ಅದು ನಂದು."

ಎಂಟು ತಿಂಗಳಿಂದ ನಾನು ನಿಂತಿದ್ದ ಬಾಗಿಲು ಹಾಗೆ ತೆರೆಯಿತು. ಒಳಗೆ ಇದ್ದವರು ಮಾವನಲ್ಲ. ಕೈ ಹಿಡಿದುಕೊಂಡು ನಿಂತ ನನ್ನ ಮಗಳು.

"ನಾನು ಅವಳಿಗೆ ಹೊಡೆದೆ ಅತ್ತೆ," ಎಂದೆ. "ಬೆಕ್ಕು ಕಚ್ತು ಅಂತ ಬಂದಳು. ಹೊಡೆದೆ. ನಿದ್ದೆ ಬರ್ತದೆ ಅಂದಳು. ಮಲಗು ಅಂದೆ." ಬಸ್ ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡುವಷ್ಟು ಅತ್ತುಬಿಟ್ಟೆ. ಅಷ್ಟು ದಿನದ ಅಳು ಎಲ್ಲಿತ್ತೋ. ಅತ್ತೆ ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, ಸೆರಗು ಎಳೆದು ಮುಚ್ಚಿದರು.

ಬಸ್ಸಿನಲ್ಲಿ ಕೂಸು ಬತ್ತಿದ ಮೊಲೆಯನ್ನೇ ಚೀಪುತ್ತಿತ್ತು, ಬಿಡಲಿಲ್ಲ. ಅದರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆವತ್ತು. ಹುಬ್ಬು ಯಜಮಾನರದು. ನಮ್ಮೂರಲ್ಲಿ ಬಸ್ಸು ನಿಂತಾಗ ಮೂವರೂ ಇಳಿದೆವು. "ಸೊರಬಕ್ಕೆ ಟಿಕೀಟು ತಗಂಡಿದ್ರಲ್ಲಮ್ಮ?" ಎಂದು ಕಂಡಕ್ಟರು ಕೇಳಿದರು. ಅತ್ತೆ ಮುಂದೆ ನಡೆದರು.

ಹತ್ತು ಹನ್ನೆರಡು ದಿನ ಅತ್ತೆ ಸಬ್ಬಸಿಗೆ, ಬೆಳ್ಳುಳ್ಳಿ ತಿನ್ನಿಸಿ ತಿನ್ನಿಸಿ ನನಗೆ ಹಾಲು ಬರಿಸಿದರು. ಕೂಸು ಉಳಿಯಿತು. ಆ ಯೋಚನೆ ಒಂದೇ ಸಲಕ್ಕೆ ಹೋಯಿತು ಎಂದು ಹೇಳಲಾರೆ. ಬರುತ್ತಿತ್ತು, ಆದರೆ ಕೂಸು ಅತ್ತರೆ ಎದ್ದು ಹೋಗಲು ಆಗುತ್ತಿತ್ತು. ಮಗಳಿಗಾಗಿ ಅಳುತ್ತಿದ್ದೆ. ಅಳುವುದು ಯೋಚನೆಗಿಂತ ಎಷ್ಟೋ ವಾಸಿ, ಅದಕ್ಕೊಂದು ಕೊನೆ ಇರುತ್ತದೆ.

ಅತ್ತೆ ಮಾತ್ರ ಇಳಿಯುತ್ತಾ ಹೋದರು. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಊರವರು ವಯಸ್ಸಾಯಿತು ಎಂದರು, ಯಜಮಾನರು ಮತ್ತೊಂದು ತಾಯತ ತಂದರು. ಅವರು ಎಲ್ಲಿ ನಿಂತಿದ್ದಾರೆ, ಯಾವ ಮೆಟ್ಟಿಲಿನಲ್ಲಿದ್ದಾರೆ ಎಂಬುದು ನನಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಹುಬ್ಬು ಗಂಟಿಕ್ಕಿದರೆ ಕುಡುಗೋಲು ಹಿಡಿದು ಅಂಗಳಕ್ಕೆ ಇಳಿದಿದ್ದಾರೆ. ಸೆರಗಿಗೆ ಕೈ ಒರೆಸಿಕೊಂಡರೆ ಜೋಯಿಸರ ಎದುರು ಕೂತಿದ್ದಾರೆ. ಊಟಕ್ಕೆ ಕರೆದರೆ ಬೆಚ್ಚಿ ಬೀಳುತ್ತಿದ್ದರು. ಒಂದೇ ಒಂದು ಮಾತಿಗೆ ಅವರು ಕಾಯುತ್ತಿದ್ದಾರೆ ಎಂದೂ ನನಗೆ ಗೊತ್ತಿತ್ತು. ಊಟ ಬಡಿಸಿದೆ, ಕಾಲು ಒತ್ತಿದೆ, ಸೀರೆ ಒಗೆದೆ. ಆ ಮಾತು ಮಾತ್ರ ಆಡಲಿಲ್ಲ. ಮಗಳ ಬೆನ್ನಿಗೆ ಹೊಡೆದ ಸಿಟ್ಟೇ ಅದು, ಇಳಿದಿರಲಿಲ್ಲ.

ಅವರೇ ಒಂದು ದಿನ ಕೇಳಿದರು. ಮಗ ಆಗ ನಡೆಯುತ್ತಿದ್ದ. ಅವನಿಗೆ ಮೀಯಿಸಲು ಹಿತ್ತಿಲಲ್ಲಿ ನೀರು ಕಾಯಿಸಿದ್ದೆ. ಅತ್ತೆ ಕಲ್ಲಿನ ಮೇಲೆ ಕೂತಿದ್ದವರು ತಲೆ ಎತ್ತಿ, ಸಣ್ಣ ಮಗುವಿನ ಹಾಗೆ, "ಜೋಯಿಸರು ಕೇಳಿದಾಗ ನಾನು ಹೇಳಿದ್ರೆ ನಾವು ಕಣಕ್ಕೆ ಹೋಗ್ತಿರ್ಲಿಲ್ಲ ಅಲ್ಲೇನವ್ವ?" ಎಂದರು.

ಯಾರಿಗೆ ಗೊತ್ತು ಅತ್ತೆ ಎನ್ನಬಹುದಿತ್ತು. ನಿಮ್ಮ ತಪ್ಪಲ್ಲ ಎನ್ನಬಹುದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವರು ನನಗೆ ಅದನ್ನೇ ಅಂದಿದ್ದರು, ಅದರಿಂದಲೇ ನಾನೂ ನನ್ನ ಮಗನೂ ಉಳಿದಿದ್ದೆವು.

"ಹೌದು ಅತ್ತೆ, ಹೋಗ್ತಿರ್ಲಿಲ್ಲ," ಎಂದೆ.

ಅವರು ಹೂಂ ಎಂದು ತಲೆ ತಗ್ಗಿಸಿದರು. ಆಮೇಲೆ ಎರಡು ವರ್ಷ ಬದುಕಿದ್ದರು, ಮತ್ತೆ ಕೇಳಲಿಲ್ಲ. ನಾನು ಹಂಡೆಯಿಂದ ನೀರು ತೋಡಿಕೊಂಡು ಮಗನಿಗೆ ಮೀಯಿಸಲು ಹೋದೆ.